ಬೆಣ್ಣೆ ಕೂಪನ್ನಿನ ಮೇಲೆ ಹೆಸರು ಇರಲೇಬೇಕೆ? 1969ರ ಸ್ಟೌಡರ್ ಪ್ರಕರಣ

ಪ್ರಕರಣ ಸಂಖ್ಯೆ 29/69, ಸ್ಟೌಡರ್ ವಿರುದ್ಧ ಉಲ್ಮ್ ನಗರ. ಲಕ್ಸೆಂಬರ್ಗ್‌ನಲ್ಲಿರುವ ಯುರೋಪಿಯನ್ ಸಮುದಾಯಗಳ (ಇಂದಿನ ಯುರೋಪಿಯನ್ ಒಕ್ಕೂಟದ ಹಿಂದಿನ ರೂಪ) ನ್ಯಾಯಾಲಯ 1969ರ ನವೆಂಬರ್ 12ರಂದು ಇದರ ತೀರ್ಪು ಕೊಟ್ಟಿತು. ಪಠ್ಯಪುಸ್ತಕಗಳಲ್ಲಿ ಇದು ಬರುವುದು ಮೂಲಭೂತ ಹಕ್ಕುಗಳ ಅಧ್ಯಾಯದ ಆರಂಭದಲ್ಲೇ. ಅಂಥ ಹಕ್ಕುಗಳು ಸಮುದಾಯ ಕಾನೂನಿನಲ್ಲೂ ಇವೆ, ಅವುಗಳ ರಕ್ಷಣೆ ತನ್ನ ಕೆಲಸ ಎಂದು ಆ ನ್ಯಾಯಾಲಯ ಮೊದಲು ಹೇಳಿದ್ದು ಇಲ್ಲೇ. ಆದರೆ ತೀರ್ಪನ್ನೇ ತೆಗೆದು ಓದಿದರೆ ಹಕ್ಕಿನ ಮಾತಿಗೆ ಸಿಕ್ಕಿರುವುದು ಕೊನೆಯ ಒಂದು ವಾಕ್ಯ ಮಾತ್ರ. ಉಳಿದ ವಾದವೆಲ್ಲ ಅಗ್ಗದ ಬೆಣ್ಣೆಯ ಕೂಪನ್ ಹೇಗಿರಬೇಕೆಂದು ಹೇಳುವ ಒಂದು ಪದಗುಚ್ಛದ ಬಗ್ಗೆ. ಆ ಪದಗುಚ್ಛ ನಾಲ್ಕು ಭಾಷೆಗಳಲ್ಲಿ ಎರಡು ಥರ ಅಚ್ಚಾಗಿತ್ತು. ಪಠ್ಯಗಳು ಒಂದಕ್ಕೊಂದು ತಾಳೆಯಾಗದಿದ್ದಾಗ ಯುರೋಪಿನ ನ್ಯಾಯಾಧೀಶರು ಯಾವ ಕ್ರಮದಲ್ಲಿ ಯೋಚಿಸುತ್ತಾರೆ ಎಂಬುದನ್ನು ತಿಳಿಯಲು ಇಷ್ಟು ಚಿಕ್ಕದಾದ, ಇಷ್ಟು ಸ್ಪಷ್ಟವಾದ ಇನ್ನೊಂದು ಪ್ರಕರಣ ಸಿಗುವುದು ಕಷ್ಟ.

ಹಿನ್ನೆಲೆ

1968ರ ಜೂನ್ 27ರ 804/68 ನಿಯಮ ಆರು ದೇಶಗಳ ಹಾಲಿನ ಮಾರುಕಟ್ಟೆಯನ್ನು ಒಂದೇ ವ್ಯವಸ್ಥೆಯಡಿ ತಂದಿತು. ರೈತರಿಗೆ ಖಾತರಿ ಬೆಲೆ ಸಿಕ್ಕಿತು. ಮಾರಾಟವಾಗದೆ ಉಳಿದ ಬೆಣ್ಣೆಯನ್ನು ಸರ್ಕಾರಿ ಏಜೆನ್ಸಿಗಳು ಕೊಂಡು ಶೈತ್ಯಾಗಾರದಲ್ಲಿ ಇಟ್ಟವು. ಖಾತರಿ ಬೆಲೆ ಇದ್ದಲ್ಲಿ ಉತ್ಪಾದನೆ ತಗ್ಗುವುದಿಲ್ಲ. ದಾಸ್ತಾನು ಏರುತ್ತಲೇ ಹೋಯಿತು. ಅದನ್ನು ಕರಗಿಸಲು ಸಮುದಾಯದ ಕಾರ್ಯಾಂಗವಾದ ಯುರೋಪಿಯನ್ ಆಯೋಗ ಹುಡುಕಿದ ದಾರಿಗಳಲ್ಲಿ ಒಂದು 1969ರ ಫೆಬ್ರವರಿ 12ರ 69/71 ನಿರ್ಣಯ. ಸಾಮಾಜಿಕ ನೆರವು ಪಡೆಯುವ ಕೆಲವು ವರ್ಗದವರಿಗೆ ಮಾರುಕಟ್ಟೆ ದರಕ್ಕಿಂತ ಕಡಿಮೆಗೆ ಬೆಣ್ಣೆ ಕೊಡಲು ಸದಸ್ಯ ದೇಶಗಳಿಗೆ ಅದು ಅನುಮತಿ ಕೊಟ್ಟಿತು. ಅದು ಅನುಮತಿಯೇ ಹೊರತು ಆದೇಶವಲ್ಲ. ನಿರ್ಣಯ ಒಂದೇ, ವಿಳಾಸ ಮಾತ್ರ ಎಲ್ಲ ಸದಸ್ಯ ದೇಶಗಳದ್ದು. ಈ ಸಂಗತಿ ಮುಂದೆ ಉಪಯೋಗಕ್ಕೆ ಬರುತ್ತದೆ.

ಇಂಥ ಯೋಜನೆಯಲ್ಲಿ ಎಲ್ಲರಿಗೂ ಇರುವ ಭಯ ಸೋರಿಕೆಯದ್ದು. ಬಡವರ ಹೆಸರಿನಲ್ಲಿ ಹೊರಟ ಸರಕು ಅಂಗಡಿಯ ಹಿಂಬಾಗಿಲಿನಿಂದ ಪೂರ್ತಿ ದರಕ್ಕೆ ಮಾರಾಟವಾದರೆ ಯೋಜನೆಯೂ ಕೆಡುತ್ತದೆ, ಮಾರುಕಟ್ಟೆಯೂ ಕೆಡುತ್ತದೆ. ಆದ್ದರಿಂದ ನಿರ್ಣಯದ 4ನೇ ವಿಧಿ, ಫಲಾನುಭವಿ ನಿರ್ದಿಷ್ಟ ಬಗೆಯ ಕೂಪನ್ ತೋರಿಸಿಯೇ ಬೆಣ್ಣೆ ಕೊಳ್ಳುವಂತೆ ದೇಶಗಳು ನೋಡಿಕೊಳ್ಳಬೇಕೆಂದಿತು. ಯಾವ ಬಗೆಯ ಕೂಪನ್ ಎಂಬಲ್ಲಿ ಪಠ್ಯಗಳು ಬೇರೆಯಾದವು.

ಜರ್ಮನ್ ಪಠ್ಯದಲ್ಲಿ ಇದ್ದದ್ದು 'ಔಫ್ ಈರೆನ್ ನಾಮೆನ್ ಔಸ್‌ಗೆಷ್ಟೆಲ್ಟೆನ್ ಗುಟ್‌ಶೈನ್', ಅಂದರೆ ಅವರ ಹೆಸರಿಗೇ ಬರೆದುಕೊಟ್ಟ ಕೂಪನ್. ಡಚ್ ಪಠ್ಯವೂ ಹೆಸರನ್ನೇ ಕೇಳುತ್ತಿತ್ತು. ಫ್ರೆಂಚ್ ಪಠ್ಯದಲ್ಲಿದ್ದದ್ದು 'ಬೊಂ ಆಂದಿವಿದ್ಯುಆಲಿಝೆ'. ಇಟಾಲಿಯನ್ ಅದರ ಜೊತೆಗಿತ್ತು. ಇದರ ಅರ್ಥ ಆಯಾ ವ್ಯಕ್ತಿಗೆ ಗೊತ್ತುಪಡಿಸಿದ ಕೂಪನ್ ಎಂದಷ್ಟೇ. ಅದನ್ನು ಹೆಸರಿನಿಂದ ಗೊತ್ತುಪಡಿಸಬಹುದು, ಕ್ರಮಸಂಖ್ಯೆಯಿಂದಲೂ ಗೊತ್ತುಪಡಿಸಬಹುದು. ಆಗ ಸಮುದಾಯಕ್ಕೆ ಇದ್ದದ್ದು ನಾಲ್ಕೇ ಅಧಿಕೃತ ಭಾಷೆ, 1958ರ 1ನೇ ನಿಯಮದ ಪ್ರಕಾರ ನಾಲ್ಕಕ್ಕೂ ಸಮಾನ ಸ್ಥಾನ. ಲೆಕ್ಕ ಎರಡಕ್ಕೆ ಎರಡು.

ಉಲ್ಮ್‌ನಿಂದ ಲಕ್ಸೆಂಬರ್ಗ್‌ಗೆ

ಪಶ್ಚಿಮ ಜರ್ಮನಿಯ ಅಧಿಕಾರಿಗಳು ತಮ್ಮ ಭಾಷೆಯ ಪಠ್ಯ ಹೇಳಿದಂತೆಯೇ ನಡೆದರು. ಅವರು ಹಂಚಿದ ಕೂಪನ್ನಿಗೆ ಒಂದು ಮೂಲಚೀಟಿ ಅಂಟಿಕೊಂಡಿತ್ತು, ಅದರ ಮೇಲೆ ಫಲಾನುಭವಿಯ ಹೆಸರು. ಅದನ್ನು ತೋರಿಸದೆ ಅಂಗಡಿಯವನು ಬೆಣ್ಣೆ ಕೊಡುವಂತಿಲ್ಲ. ಕಾಗದದ ಮೇಲೆ ಇದು ಸೋರಿಕೆ ತಡೆಯುವ ಉಪಾಯ. ಅಂಗಡಿಯಲ್ಲಿ ಆಗುವುದು ಬೇರೆ: ಕೊಳ್ಳುವವನು ಯಾರು, ಅವನು ಸರ್ಕಾರದ ನೆರವಿನಲ್ಲಿ ಬದುಕುತ್ತಿದ್ದಾನೆಂಬುದು ಬೀದಿಯ ಅಂಗಡಿಕಾರನಿಗೆ ತಿಳಿಯುತ್ತದೆ. ದೂರುದಾರರಾದ ಸ್ಟೌಡರ್ ಯುದ್ಧಸಂತ್ರಸ್ತರ ನೆರವು ಯೋಜನೆಯ ಫಲಾನುಭವಿ. ಹೆಸರು ಬಯಲು ಮಾಡುವ ಈ ಷರತ್ತು ಜರ್ಮನ್ ಮೂಲಭೂತ ಕಾನೂನಿನ 1ನೇ ವಿಧಿಯ ಘನತೆಗೂ 3ನೇ ವಿಧಿಯ ಸಮಾನತೆಗೂ ವಿರುದ್ಧ ಎಂಬುದು ಅವರ ವಾದ. ಅವರು ಜರ್ಮನ್ ಸಂವಿಧಾನ ನ್ಯಾಯಾಲಯಕ್ಕೂ ದೂರು ಕೊಟ್ಟರು, ಸ್ಟುಟ್‌ಗಾರ್ಟ್‌ನ ಆಡಳಿತ ನ್ಯಾಯಾಲಯದಲ್ಲೂ ದಾವೆ ಹೂಡಿದರು.

ಸ್ಟುಟ್‌ಗಾರ್ಟ್ ನ್ಯಾಯಾಲಯ ತಾನೇ ತೀರ್ಮಾನಿಸದೆ, ಸಮುದಾಯವನ್ನು ಸ್ಥಾಪಿಸಿದ ರೋಮ್ ಒಪ್ಪಂದದ 177ನೇ ವಿಧಿಯಡಿ (ಈಗಿನ 267ನೇ ವಿಧಿ) ಲಕ್ಸೆಂಬರ್ಗ್‌ಗೆ ಪ್ರಶ್ನೆ ಕಳಿಸಿತು. ಆ ಪ್ರಶ್ನೆಯನ್ನು ಬರೆದ ರೀತಿ ಗಮನಿಸಬೇಕಾದದ್ದು. ಈ ಷರತ್ತು ಜರ್ಮನ್ ಮೂಲಭೂತ ಕಾನೂನಿಗೆ ಒಪ್ಪುತ್ತದೆಯೇ ಎಂದು ಅವರು ಕೇಳಲಿಲ್ಲ. 'ಸಮುದಾಯ ಕಾನೂನಿನ ಸಾಮಾನ್ಯ ತತ್ವ'ಗಳಿಗೆ ಒಪ್ಪುತ್ತದೆಯೇ ಎಂದು ಕೇಳಿದರು. ಮೊದಲಿನ ಮಾತು ಬಳಸಿದ್ದರೆ ಪ್ರಶ್ನೆ ಬಾಗಿಲಲ್ಲೇ ನಿಲ್ಲುತ್ತಿತ್ತು. 1959ರ ಸ್ಟೋರ್ಕ್ ಪ್ರಕರಣದಲ್ಲಿ ಲಕ್ಸೆಂಬರ್ಗ್ ನ್ಯಾಯಾಲಯ, ರಾಷ್ಟ್ರೀಯ ಸಂವಿಧಾನದ ಹಕ್ಕುಗಳನ್ನು ಅಳತೆಗೋಲಾಗಿ ಹಿಡಿಯುವುದು ತನ್ನ ಕೆಲಸವಲ್ಲ ಎಂದು ಹೇಳಿಬಿಟ್ಟಿತ್ತು. 1964ರ ಕೋಸ್ಟಾ ತೀರ್ಪು ಸಮುದಾಯ ಕಾನೂನು ರಾಷ್ಟ್ರೀಯ ಕಾನೂನಿಗಿಂತ ಮೇಲು ಎಂದಿತ್ತು. ರೋಮ್ ಒಪ್ಪಂದದಲ್ಲಂತೂ ಹಕ್ಕುಗಳ ಪಟ್ಟಿಯೇ ಇರಲಿಲ್ಲ. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಜರ್ಮನ್ ನ್ಯಾಯಾಧೀಶರಿಗೆ ಎದುರಾಗಿದ್ದ ಇಕ್ಕಟ್ಟು ಅರ್ಥವಾಗುತ್ತದೆ: ಮೇಲಿನ ಕಾನೂನಿಗೆ ಹಕ್ಕಿನ ಮಿತಿ ಇಲ್ಲ, ಮಿತಿ ಇರುವ ಕಾನೂನು ಕೆಳಗಿದೆ. 'ಸಾಮಾನ್ಯ ತತ್ವಗಳು' ಎಂಬ ಪದವೇ ಆ ಇಕ್ಕಟ್ಟಿನಿಂದ ಹೊರಬರಲು ಅವರು ಆಯ್ದ ಕಿಂಡಿ.

ತೀರ್ಪಿನ ಮೆಟ್ಟಿಲುಗಳು

ಕೇಳಿದ್ದು ಸಿಂಧುತ್ವದ ಪ್ರಶ್ನೆ. ನ್ಯಾಯಾಲಯ ಅದನ್ನು ಪಕ್ಕಕ್ಕಿಟ್ಟು ಮೊದಲು ಅರ್ಥನಿರ್ಣಯಕ್ಕೆ ಕೈಹಾಕಿತು. ಒಂದು ಅರ್ಥದಲ್ಲಿ ಓದಿದರೆ ಕಾನೂನು ಉಳಿಯುತ್ತದೆ, ಇನ್ನೊಂದರಲ್ಲಿ ಓದಿದರೆ ಬೀಳಬಹುದು ಎಂದಾಗ ಮೊದಲು ಅರ್ಥ ಯಾವುದೆಂದು ನೋಡುವುದು ನ್ಯಾಯಾಲಯಗಳ ಹಳೆಯ ಅಭ್ಯಾಸ.

3ನೇ ಕಂಡಿಕೆ ಹೇಳುವುದಿಷ್ಟು: ಒಂದೇ ನಿರ್ಣಯ ಎಲ್ಲ ಸದಸ್ಯ ದೇಶಗಳನ್ನು ಉದ್ದೇಶಿಸಿರುವಾಗ ಅದು ಎಲ್ಲ ಕಡೆ ಒಂದೇ ರೀತಿ ಜಾರಿಯಾಗಬೇಕು, ಹಾಗಾಗಬೇಕಾದರೆ ಒಂದೇ ಭಾಷೆಯ ಪಠ್ಯವನ್ನು ಬಿಡಿಯಾಗಿ ಓದುವಂತಿಲ್ಲ, ರಚಿಸಿದವರ ನಿಜವಾದ ಇಚ್ಛೆ, ಅವರು ಸಾಧಿಸಹೊರಟ ಗುರಿ, ಇವೆರಡನ್ನೂ ನಾಲ್ಕೂ ಭಾಷೆಗಳ ಬೆಳಕಿನಲ್ಲಿ ಹುಡುಕಬೇಕು. ಇದು ಪೂರ್ತಿ ಹೊಸ ಮಾತೇನಲ್ಲ. 1967ರ ಫಾನ್ ಡೆರ್ ವೆಖ್ತ್ ಪ್ರಕರಣದಲ್ಲೇ ಇದರ ಬೀಜ ಇತ್ತು.

ನಂತರ ಬರುವುದು ಎಲ್ಲರೂ ಉಲ್ಲೇಖಿಸುವ ವಾಕ್ಯ. ಇಂಥ ಸಂದರ್ಭದಲ್ಲಿ, ನಿರ್ಣಯದ ಗುರಿ ಸಾಧಿಸಲು ಸಾಲುವುದಾದರೆ, ಹೆಚ್ಚು ಉದಾರವಾದ ಅರ್ಥಕ್ಕೇ ಮನ್ನಣೆ. ಅದರ ಬೆನ್ನಿಗೇ ಇನ್ನೊಂದು ತರ್ಕ: ಕೆಲವು ದೇಶಗಳಿಗೆ ಬಿಗಿಯಾದ, ಕೆಲವಕ್ಕೆ ಸಡಿಲವಾದ ಕರ್ತವ್ಯ ಹೊರಿಸುವುದು ರಚಿಸಿದವರ ಉದ್ದೇಶವಾಗಿತ್ತು ಎಂದು ಒಪ್ಪಲಾಗದು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಭಾರತದ ಕಾನೂನು ವಿದ್ಯಾರ್ಥಿಗಳು ಈ ತೀರ್ಪನ್ನು ಓದುವುದು ಇಂಗ್ಲಿಷಿನಲ್ಲಿ. 1969ರಲ್ಲಿ ಇಂಗ್ಲಿಷ್ ಸಮುದಾಯದ ಅಧಿಕೃತ ಭಾಷೆಯೇ ಆಗಿರಲಿಲ್ಲ. ಬ್ರಿಟನ್ ಮತ್ತು ಐರ್ಲೆಂಡ್ ಸೇರಿದ್ದು 1973ರಲ್ಲಿ. ತೀರ್ಪಿನ ಅಧಿಕೃತ ಪಠ್ಯ ಇರುವುದು ಪ್ರಕರಣದ ಭಾಷೆಯಲ್ಲಿ, ಅಂದರೆ ಜರ್ಮನ್‌ನಲ್ಲಿ. ಫ್ರೆಂಚ್, ಇಂಗ್ಲಿಷ್ ಪಠ್ಯಗಳು 'ಅತ್ಯಂತ ಉದಾರ' ಅರ್ಥ ಎಂದರೆ ಜರ್ಮನ್ ಪಠ್ಯ ಹೇಳುವುದು ಅತ್ಯಂತ ಕಡಿಮೆ ಹೊರೆ ಹಾಕುವ ಅರ್ಥ ಎಂದು. ಎರಡೂ ಹತ್ತಿರದವೇ, ಆದರೆ ಒಂದೇ ಅಲ್ಲ. 'ಉದಾರ' ಎಂದಾಗ ಯಾರ ಪಾಲಿಗೆ ಉದಾರ ಎಂಬ ಪ್ರಶ್ನೆ ಉಳಿಯುತ್ತದೆ. 'ಹೊರೆ' ಎಂದಾಗ ನೋಟ ನೇರವಾಗಿ ಹೊರೆ ಹೊರುವವನ ಮೇಲೆ ಬೀಳುತ್ತದೆ. ಭಾಷಾಭೇದವನ್ನು ಬಗೆಹರಿಸಿದ ತೀರ್ಪಿಗೇ ಭಾಷಾಭೇದ ತಟ್ಟಿದೆ.

ಸಮಿತಿಯ ಕಡತ

ನಮ್ಮ ದೃಷ್ಟಿಯಲ್ಲಿ ಪ್ರಕರಣದ ತಿರುಳು ಆ ಪ್ರಸಿದ್ಧ ವಾಕ್ಯದಲ್ಲಿಲ್ಲ, 5ನೇ ಕಂಡಿಕೆಯಲ್ಲಿದೆ. ಅದನ್ನು ಹೆಚ್ಚಿನವರು ಬಿಟ್ಟು ಮುಂದೆ ಹೋಗುತ್ತಾರೆ.

804/68 ನಿಯಮದಡಿ ಆಯೋಗ ಇಂಥ ನಿರ್ಣಯವನ್ನು ಒಂಟಿಯಾಗಿ ಹೊರಡಿಸುವಂತಿರಲಿಲ್ಲ. ಕರಡನ್ನು ಹಾಲು ಮತ್ತು ಹಾಲಿನ ಉತ್ಪನ್ನಗಳ ನಿರ್ವಹಣಾ ಸಮಿತಿಯ ಮುಂದಿಡಬೇಕು. ಅಲ್ಲಿ ಸದಸ್ಯ ದೇಶಗಳ ಪ್ರತಿನಿಧಿಗಳು ತೂಕದ ಮತದಿಂದ ಅಭಿಪ್ರಾಯ ಕೊಡುತ್ತಾರೆ. ಅಭಿಪ್ರಾಯಕ್ಕೆ ವಿರುದ್ಧವಾಗಿ ನಿರ್ಣಯ ಹೊರಡಿಸಲು ಅಡ್ಡಿಯಿಲ್ಲ, ಆದರೆ ಆಗ ವಿಷಯವನ್ನು ಸಚಿವರ ಮಂಡಳಿಗೆ ತಿಳಿಸಬೇಕು. ಮಂಡಳಿ ಒಂದು ತಿಂಗಳೊಳಗೆ ಬೇರೆ ನಿರ್ಣಯ ಮಾಡಬಹುದು. ಹೀಗಾಗಿ ಇಂಥ ನಿರ್ಣಯಗಳ ಪೀಠಿಕೆಯ ಕೊನೆಯಲ್ಲಿ 'ಈ ಕ್ರಮಗಳು ಸಮಿತಿಯ ಅಭಿಪ್ರಾಯಕ್ಕೆ ಅನುಗುಣವಾಗಿವೆ' ಎಂಬ ಸಿದ್ಧ ವಾಕ್ಯ ಕೂತಿರುತ್ತದೆ. ಯಾರೂ ಅದನ್ನು ಎರಡನೇ ಸಲ ಓದುವುದಿಲ್ಲ.

ವಿಚಾರಣೆಯಲ್ಲಿ ಆಯೋಗ ಹೇಳಿದ್ದು ಇದು: ಸಮಿತಿಯ ಮುಂದೆ ಕರಡು ಹೋದಾಗ ಕೂಪನ್ನಿನ ಮೇಲೆ ಹೆಸರು ಇರಲೇಬೇಕೆಂಬ ಷರತ್ತನ್ನು ತೆಗೆಯುವ ತಿದ್ದುಪಡಿಯನ್ನು ಸಮಿತಿಯೇ ಸೂಚಿಸಿತ್ತು. ನ್ಯಾಯಾಲಯ ಆ ಸಿದ್ಧ ವಾಕ್ಯವನ್ನು ಈ ಹೇಳಿಕೆಯ ಪಕ್ಕಕ್ಕಿಟ್ಟಿತು. ನಿರ್ಣಯ ಸಮಿತಿಯ ಅಭಿಪ್ರಾಯಕ್ಕೆ ಅನುಗುಣವಾಗಿದೆ ಎಂದು ಪೀಠಿಕೆಯೇ ಹೇಳುತ್ತದೆ. ಹಾಗಾದರೆ ತಿದ್ದುಪಡಿಯನ್ನು ಒಪ್ಪುವುದೇ ಆಯೋಗದ ಇಚ್ಛೆಯಾಗಿತ್ತು. ತಿದ್ದಿದ ಮಾತು ಫ್ರೆಂಚ್ ಮತ್ತು ಇಟಾಲಿಯನ್ ಪಠ್ಯಗಳಲ್ಲಿ ಕಾಣುತ್ತಿತ್ತು, ಜರ್ಮನ್ ಮತ್ತು ಡಚ್ ಪಠ್ಯಗಳಲ್ಲಿ ಹಳೆಯ ಷರತ್ತೇ ಉಳಿದಿತ್ತು. ಇಚ್ಛೆ ಯಾವುದೆಂದು ತೋರಿಸಿದ ಮೇಲೆ ಎರಡಕ್ಕೆ ಎರಡರ ಸಮಬಲ ಅಲ್ಲಿಗೇ ಮುಗಿಯಿತು.

ಪದಕೋಶ ಇಲ್ಲಿ ಏನನ್ನೂ ಬಗೆಹರಿಸುತ್ತಿರಲಿಲ್ಲ. ಜರ್ಮನ್ ಪದಗಳ ಅರ್ಥದಲ್ಲಿ ಸಂದಿಗ್ಧವೇ ಇರಲಿಲ್ಲ. ಜರ್ಮನಿಯ ಅಧಿಕಾರಿಯೊಬ್ಬ ತನ್ನ ಭಾಷೆಯ ರಾಜಪತ್ರವನ್ನು ಎಷ್ಟು ಎಚ್ಚರದಿಂದ ಓದಿದ್ದರೂ ಸಮಸ್ಯೆ ಇದೆಯೆಂದೇ ತಿಳಿಯುತ್ತಿರಲಿಲ್ಲ. ಸಂದಿಗ್ಧ ಹುಟ್ಟುವುದು ಎರಡನೇ ಪಠ್ಯವನ್ನು ಪಕ್ಕಕ್ಕೆ ಇಟ್ಟಾಗ ಮಾತ್ರ. ನಮ್ಮಲ್ಲಿ ಕನ್ನಡದ ಅಧಿನಿಯಮಕ್ಕೂ ಅದರ ಇಂಗ್ಲಿಷ್ ಪಠ್ಯಕ್ಕೂ ವ್ಯತ್ಯಾಸ ಕಂಡರೆ ವಕೀಲರ ಕೈ ಮೊದಲು ಇಂಗ್ಲಿಷ್ ಪುಟಕ್ಕೆ ಹೋಗುತ್ತದೆ, ಸಂವಿಧಾನದ 348ನೇ ವಿಧಿಯ ಆಸರೆ ಆ ಪಠ್ಯಕ್ಕಿದೆ. ಯುರೋಪಿನಲ್ಲಿ ಹಾಗೆ ಕೈಚಾಚಲು ಒಂದು ಪುಟವೇ ಇಲ್ಲ. ಕರಡು ಯಾವ ಭಾಷೆಯಲ್ಲಿ ಹುಟ್ಟಿದರೂ ಪ್ರಕಟವಾದ ಗಳಿಗೆಯಿಂದ ಎಲ್ಲವೂ ಮೂಲ.

ತೀರ್ಪಿನ ಫಲ: ಹೆಸರಿನಿಂದಲೇ ಗುರುತಿಸಬೇಕೆಂದು ಈ ವಿಧಿ ಕಡ್ಡಾಯ ಮಾಡುವುದಿಲ್ಲ, ನಿಷೇಧಿಸುವುದೂ ಇಲ್ಲ. ಯಾವ ಕ್ರಮ ಬೇಕೆಂಬುದು ಆಯಾ ದೇಶದ ಆಯ್ಕೆ. ಇದೇ ಅರ್ಥ ಬರುವಂತೆ ಆಯೋಗ 1969ರ ಜುಲೈ 29ರಂದು, ತೀರ್ಪಿಗೂ ಮುಂಚೆಯೇ, ತಿದ್ದುಪಡಿ ಪ್ರಕಟಿಸಿಯೂ ಆಗಿತ್ತು. ಹಾಗೆ ಓದಿದರೆ ಈ ವಿಧಿಯಲ್ಲಿ 'ಸಮುದಾಯ ಕಾನೂನಿನ ಸಾಮಾನ್ಯ ತತ್ವಗಳಲ್ಲಿ ಅಡಕವಾಗಿರುವ, ನ್ಯಾಯಾಲಯ ರಕ್ಷಿಸುವ ಮೂಲಭೂತ ಮಾನವ ಹಕ್ಕುಗಳಿಗೆ' ಧಕ್ಕೆ ತರುವಂಥದ್ದೇನೂ ಇಲ್ಲ ಎಂದು 7ನೇ ಕಂಡಿಕೆ ಮುಗಿಯುತ್ತದೆ. ಸ್ಟುಟ್‌ಗಾರ್ಟ್ ಕಳಿಸಿದ್ದ ಪದವೇ ಇಲ್ಲಿ ಮರಳಿ ಬಂದಿದೆ, ಒಳಗೆ ಹಕ್ಕುಗಳನ್ನು ಇಟ್ಟುಕೊಂಡು. ಜಾಣತನ ಇಲ್ಲಿದೆ: ಭಾಷಾಭೇದ ಬಗೆಹರಿದದ್ದರಿಂದ ಯಾವ ಕಾನೂನನ್ನೂ ರದ್ದು ಮಾಡಬೇಕಾಗಲಿಲ್ಲ, ಯಾವ ದೇಶವೂ ಸಿಟ್ಟಾಗಲಿಲ್ಲ, ಆದರೆ ದೊಡ್ಡದೊಂದು ತತ್ವ ದಾಖಲಾಯಿತು. 1970ರ ಡಿಸೆಂಬರ್ 17ರ ಇಂಟರ್‌ನ್ಯಾಷನಾಲೆ ಹ್ಯಾಂಡೆಲ್ಸ್‌ಗೆಸೆಲ್‌ಶಾಫ್ಟ್ ಮತ್ತು 1974ರ ನೋಲ್ಡ್ ತೀರ್ಪುಗಳು ಅದನ್ನು ಬೆಳೆಸಿದವು. ಜರ್ಮನ್ ಸಂವಿಧಾನ ನ್ಯಾಯಾಲಯಕ್ಕೆ ಅದೂ ಸಾಲಲಿಲ್ಲ ಎಂಬುದನ್ನು 1974ರ 'ಸೋಲಾಂಗೆ' ತೀರ್ಪು ಹೇಳುತ್ತದೆ. 1986ರಲ್ಲಿ ಅದು ಪಟ್ಟು ಸಡಿಲಿಸಿತು.

'ಉದಾರ ಅರ್ಥ' ಎಲ್ಲಿ ಕೈಕೊಡುತ್ತದೆ

ಸ್ಟೌಡರ್ ಹೆಸರು ಹೇಳಿ, ಭಾಷೆಗಳು ಬೇರೆಯಾದಾಗ ನಾಗರಿಕನಿಗೆ ಅನುಕೂಲವಾದ ಪಠ್ಯವೇ ಗೆಲ್ಲುತ್ತದೆ ಎಂದು ವಾದಿಸುವವರಿದ್ದಾರೆ. ಹಾಗೆ ವಾದಿಸಿದವರು ಸೋತಿದ್ದಾರೆ.

1998ರ ಏಪ್ರಿಲ್ 2ರ ಇಎಂಯು ತಬಾಕ್ ಪ್ರಕರಣ ನೋಡಿ. ಲಕ್ಸೆಂಬರ್ಗ್‌ನಲ್ಲಿ ತಂಬಾಕಿನ ಅಬಕಾರಿ ಸುಂಕ ಕಡಿಮೆ, ಬ್ರಿಟನ್ನಿನಲ್ಲಿ ದುಬಾರಿ. ಬ್ರಿಟನ್ನಿನಲ್ಲಿ ಕೂತ ಗ್ರಾಹಕರಿಗಾಗಿ ಏಜೆಂಟನೊಬ್ಬ ಲಕ್ಸೆಂಬರ್ಗ್‌ನಲ್ಲಿ ಸಿಗರೇಟು ಕೊಂಡು ಸಾಗಿಸುವ ವ್ಯಾಪಾರ ಶುರುವಾಯಿತು. 92/12 ನಿರ್ದೇಶನದ 8ನೇ ವಿಧಿ, ಖಾಸಗಿ ವ್ಯಕ್ತಿಗಳು ಸ್ವಂತ ಬಳಕೆಗೆ ಕೊಂಡು 'ಅವರು ಸಾಗಿಸುವ' ಸರಕಿಗೆ ಕೊಂಡ ದೇಶದಲ್ಲೇ ಸುಂಕ ಎನ್ನುತ್ತದೆ. ಏಜೆಂಟನ ಮೂಲಕ ಸಾಗಿಸಿದರೂ 'ಅವರು ಸಾಗಿಸಿದ' ಹಾಗೆಯೇ ಎಂಬುದು ವ್ಯಾಪಾರಿಗಳ ವಾದ. ಡ್ಯಾನಿಶ್ ಮತ್ತು ಗ್ರೀಕ್ ಪಠ್ಯಗಳು ಮಾತ್ರ, ಸಾಗಣೆಯನ್ನು ಕೊಂಡವನೇ ಖುದ್ದಾಗಿ ಮಾಡಬೇಕೆಂಬುದನ್ನು ವಿಶೇಷ ಸ್ಪಷ್ಟವಾಗಿ ಹೇಳುತ್ತಿದ್ದವು. ಆ ಎರಡು ಚಿಕ್ಕ ದೇಶಗಳ ಭಾಷೆಯನ್ನು ಬದಿಗಿಡಬೇಕೆಂಬ ಮಾತನ್ನು ನ್ಯಾಯಾಲಯ ತಳ್ಳಿಹಾಕಿತು: ಎಲ್ಲ ಪಠ್ಯಗಳ ತೂಕ ಒಂದೇ, ಆ ಭಾಷೆ ಆಡುವ ದೇಶದ ಜನಸಂಖ್ಯೆ ನೋಡಿ ತೂಕ ಬದಲಾಗದು. ಏಜೆಂಟನ ವ್ಯಾಪಾರಕ್ಕೆ ಬ್ರಿಟನ್ನಿನ ಸುಂಕವೇ ಬಿತ್ತು. ಹೆಚ್ಚು ಹೊರೆಯ ಅರ್ಥ ಗೆದ್ದಿತು, ಅದೂ ಎರಡು ಭಾಷೆಗಳ ಬೆಂಬಲದಿಂದ.

ಸ್ಟೌಡರ್ ವಾಕ್ಯದಲ್ಲಿದ್ದ 'ಗುರಿ ಸಾಧಿಸಲು ಸಾಲುವುದಾದರೆ' ಎಂಬ ಷರತ್ತನ್ನು ಮರೆತರೆ ಈ ಎರಡು ತೀರ್ಪುಗಳು ಜಗಳವಾಡುವಂತೆ ಕಾಣುತ್ತವೆ. ಷರತ್ತನ್ನು ನೆನಪಿಟ್ಟರೆ ಜಗಳವಿಲ್ಲ. ಹೆಸರಿಲ್ಲದ ಕೂಪನ್ನಿನಿಂದಲೂ ಸೋರಿಕೆ ತಡೆಯಬಹುದು. ಏಜೆಂಟನಿಗೆ ಬಾಗಿಲು ತೆರೆದರೆ ವೈಯಕ್ತಿಕ ಖರೀದಿಗೆಂದು ಕೊಟ್ಟ ವಿನಾಯಿತಿ ವಾಣಿಜ್ಯದ ಪಾಲಾಗುತ್ತದೆ.

ಬಹುಮತ ಎಣಿಸುವುದೂ ಕೆಲಸಕ್ಕೆ ಬರುವುದಿಲ್ಲ. 1977ರ ಬೂಶೆರೊ ಪ್ರಕರಣದಲ್ಲಿ ಬೇರೊಂದು ನಿರ್ದೇಶನದ ಎರಡು ವಿಧಿಗಳಲ್ಲಿ ಇಟಾಲಿಯನ್ ಬಿಟ್ಟು ಉಳಿದೆಲ್ಲ ಪಠ್ಯಗಳು ಬೇರೆ ಬೇರೆ ಪದ ಬಳಸಿದ್ದವು. ಪದ ಬೇರೆಯಾದ್ದರಿಂದ ಅರ್ಥವೂ ಬೇರೆ ಎನ್ನಲು ನ್ಯಾಯಾಲಯ ಒಪ್ಪಲಿಲ್ಲ. ಆ ಪದಪ್ರಯೋಗದಿಂದ ಯಾವ ಕಾನೂನು ಪರಿಣಾಮವನ್ನೂ ಎಳೆಯಲಾಗದು ಎಂದು ನೇರವಾಗಿ ಉದ್ದೇಶಕ್ಕೆ ಹೋಯಿತು. ಅಚ್ಚಿನ ತಪ್ಪಾದಾಗ ಇನ್ನೂ ಸರಳ. 1996ರ ಲುಬೆಲ್ಲಾ ಪ್ರಕರಣದಲ್ಲಿ ಹುಳಿ ಚೆರ್ರಿ ಆಮದಿನ ಮೇಲಿನ ನಿಯಮದ ಜರ್ಮನ್ ಪಠ್ಯ ಸಿಹಿ ಚೆರ್ರಿ ಎಂದಿತ್ತು. ಉಳಿದ ಭಾಷೆಗಳನ್ನು ನೋಡಿ ಹುಳಿ ಎಂದೇ ಓದಬೇಕೆಂದು ತೀರ್ಪಾಯಿತು. ಜರ್ಮನ್ ಮಾತ್ರ ಓದಿಕೊಂಡು ವ್ಯಾಪಾರ ಮಾಡಿದವನಿಗೆ ಇದು ಕಹಿ. ಸಮಾನ ಪಠ್ಯಗಳ ವ್ಯವಸ್ಥೆಯ ಬೆಲೆಯನ್ನು ಇಂಥವರೇ ತೆರುವುದು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಇಂದು ಇದೇ ಕೆಲಸ ಮಾಡುವ ಬಗೆ

1969ರಲ್ಲಿ ನಾಲ್ಕು ಭಾಷೆಗಳ ನಡುವೆ 12 ಅನುವಾದ ಜೋಡಿಗಳಿದ್ದವು. 2013ರಲ್ಲಿ ಕ್ರೊಯೇಷಿಯಾ ಸೇರಿದ ಮೇಲೆ ಭಾಷೆಗಳು 24, ಜೋಡಿಗಳು 552. ನಾಲ್ಕನ್ನೂ ಮೇಜಿನ ಮೇಲೆ ಹರಡಿಕೊಂಡು ಕೂರುವ ಕಾಲ ಹೋಯಿತು, ಆದರೆ ಸ್ಟೌಡರ್‌ನ ಕ್ರಮ ಬದಲಾಗಿಲ್ಲ.

ಮೊದಲು ದಿನಾಂಕ ಗೊತ್ತುಮಾಡಿಕೊಳ್ಳಬೇಕು: ವಿವಾದದ ದಿನ ಜಾರಿಯಲ್ಲಿದ್ದ ಪಠ್ಯ ಯಾವುದು, ಆ ಭಾಷೆಗೆ ತಿದ್ದೋಲೆ (ಪಠ್ಯದ ತಪ್ಪು ಸರಿಪಡಿಸುವ ಪ್ರಕಟಣೆ) ಬಂದಿದೆಯೇ. ತಿದ್ದೋಲೆಗಳು ಎಷ್ಟೋ ಸಲ ಒಂದೇ ಭಾಷೆಗೆ ಹೊರಡುತ್ತವೆ, ಬೇರೆ ಭಾಷೆಯಲ್ಲಿ ಹುಡುಕಿದರೆ ಕಾಣುವುದಿಲ್ಲ. ಯುರೋಪಿಯನ್ ಒಕ್ಕೂಟದ ಕಾನೂನುಗಳಿರುವ ಯುರ್-ಲೆಕ್ಸ್ ಜಾಲತಾಣದಲ್ಲಿ ಮೂರು ಭಾಷೆಗಳನ್ನು ಅಕ್ಕಪಕ್ಕ ತೆರೆದು ಓದಬಹುದು. ಮೂರೂ ಒಂದೇ ಕುಟುಂಬದ ಭಾಷೆಗಳಾಗಿದ್ದರೆ ಒಂದರ ತಪ್ಪು ಇನ್ನೊಂದರಲ್ಲೂ ಇರುವ ಸಂಭವ ಹೆಚ್ಚು, ಆದ್ದರಿಂದ ಫ್ರೆಂಚ್ ಜೊತೆ ಜರ್ಮನ್, ಅದರ ಜೊತೆ ಒಂದು ಸ್ಲಾವಿಕ್ ಭಾಷೆ ಅಥವಾ ಫಿನ್ನಿಶ್ ಇಟ್ಟುಕೊಳ್ಳುವುದು ಒಳ್ಳೆಯದು. ಕರಡು ಯಾವ ಭಾಷೆಯದ್ದೆಂದು ತಿಳಿದರೆ ತಪ್ಪು ಎಲ್ಲಿ ನುಸುಳಿತೆಂಬುದು ಗೊತ್ತಾಗುತ್ತದೆ, ಅಷ್ಟೇ. ಆ ಭಾಷೆಗೆ ಮೇಲುಗೈ ಸಿಗುವುದಿಲ್ಲ. ನಂತರ ಅದೇ ಕಾಯ್ದೆಯಲ್ಲಿ ಅದೇ ಪದ ಬೇರೆಲ್ಲಿ ಬಂದಿದೆ, ವ್ಯಾಖ್ಯೆಗಳ ವಿಧಿ ಏನೆನ್ನುತ್ತದೆ, ಪೀಠಿಕೆಯ ಯಾವ ಕಂಡಿಕೆ ಈ ಷರತ್ತಿಗೆ ಕಾರಣ ಕೊಡುತ್ತದೆ ಎಂದು ನೋಡಬೇಕು. ಪೂರ್ವಸಿದ್ಧತೆಯ ಕಡತ ಸಿಕ್ಕರೆ ಅದು ಕೊನೆಗೆ, ಆದರೆ ಸ್ಟೌಡರ್‌ನಲ್ಲಿ ಆದಂತೆ ಕೆಲವೊಮ್ಮೆ ಅದೇ ನಿರ್ಣಾಯಕ.

ಹೊಸಬರು ಎಡವುವುದು ರಾಷ್ಟ್ರೀಯ ಕಾನೂನಿನ ಪರಿಚಿತ ಅರ್ಥವನ್ನು ಯುರೋಪಿನ ಪದಕ್ಕೆ ತುಂಬುವಲ್ಲಿ. 1982ರ ಅಕ್ಟೋಬರ್ 6ರ ಸಿಲ್‌ಫಿಟ್ ತೀರ್ಪು ಇದನ್ನು ಬಿಡಿಸಿ ಹೇಳಿದೆ: ಎಲ್ಲ ಭಾಷೆಗಳ ಪಠ್ಯ ತಾಳೆಯಾದರೂ ಸಮುದಾಯ ಕಾನೂನಿಗೆ ಅದರದ್ದೇ ಪರಿಭಾಷೆ ಇದೆ, ಅಲ್ಲಿನ ಪರಿಕಲ್ಪನೆಗೂ ರಾಷ್ಟ್ರೀಯ ಕಾನೂನಿನ ಪರಿಕಲ್ಪನೆಗೂ ಒಂದೇ ಅರ್ಥ ಇರಬೇಕೆಂದಿಲ್ಲ. ಪದವಿದೆ, ಪರಿಚಿತವೂ ಆಗಿದೆ, ಆದರೆ ಅದು ನಿಮ್ಮ ಊರಿನದ್ದಲ್ಲ.

ಅದೇ ಸಿಲ್‌ಫಿಟ್, ಯುರೋಪ್ ಕಾನೂನಿನ ಅರ್ಥ ಸ್ಪಷ್ಟವಿದೆ ಎಂದು ಪ್ರಶ್ನೆ ಕಳಿಸದೆ ತೀರ್ಮಾನಿಸುವ ಕೊನೆಯ ಹಂತದ ರಾಷ್ಟ್ರೀಯ ನ್ಯಾಯಾಲಯ ಭಾಷಾ ಪಠ್ಯಗಳನ್ನು ಹೋಲಿಸಬೇಕೆಂದು ಕೇಳಿತ್ತು. 24 ಭಾಷೆಗಳ ಕಾಲದಲ್ಲಿ ಇದು ಯಾವ ನ್ಯಾಯಾಧೀಶರ ಕೈಯಲ್ಲೂ ಆಗುವ ಕೆಲಸವಲ್ಲ. 2021ರ ಅಕ್ಟೋಬರ್ 6ರಂದು, ಸರಿಯಾಗಿ 39 ವರ್ಷಗಳ ನಂತರ, ಕೊನ್ಸೋರ್ಜಿಯೊ ಇಟಾಲಿಯನ್ ಮ್ಯಾನೇಜ್‌ಮೆಂಟ್ ತೀರ್ಪು ಅದನ್ನು ಸಡಿಲಿಸಿತು: ಪ್ರತಿಯೊಂದು ಪಠ್ಯವನ್ನೂ ಪರಿಶೀಲಿಸಬೇಕಾಗಿಲ್ಲ, ಆದರೆ ತನಗೆ ತಿಳಿದಿರುವ ಭೇದಗಳನ್ನು, ಅದರಲ್ಲೂ ಪಕ್ಷಗಾರರು ಎತ್ತಿದ್ದು ಪರಿಶೀಲನೆಯಿಂದ ಖಚಿತವಾದವನ್ನು, ನ್ಯಾಯಾಲಯ ಕಡೆಗಣಿಸುವಂತಿಲ್ಲ. ಕೆಲಸದ ಭಾರ ಇದರಿಂದ ವಕೀಲರ ಕಡೆ ವಾಲಿದೆ. ಭೇದವಿದೆ ಎಂದಷ್ಟೇ ಬರೆದರೆ ಸಾಲದು. ಯಾವ ವಿಧಿ, ಯಾವ ವಾಕ್ಯ, ಯಾವ ಯಾವ ಭಾಷೆ, ರಾಜಪತ್ರದ ಯಾವ ಸಂಚಿಕೆ ಎಂಬುದನ್ನು ಪ್ರತಿಯ ಸಮೇತ ಹಾಜರುಪಡಿಸಿ, ಒಂದು ಓದಿನಲ್ಲಿ ಫಲ ಹೇಗೆ ಬದಲಾಗುತ್ತದೆ ಎಂಬುದನ್ನು ಅಲ್ಲೇ ಎರಡು ಸಾಲಿನಲ್ಲಿ ತೋರಿಸಬೇಕು. ಇದನ್ನು ಮೊದಲ ಹಂತದ ನ್ಯಾಯಾಲಯದಲ್ಲೇ ದಾಖಲಿಸಿಡುವುದು ಲೇಸು. ಮೇಲ್ಮನವಿಯಲ್ಲಿ ಹೊಸ ವಾದಕ್ಕೆ ಅವಕಾಶವಿದೆಯೇ ಎಂಬುದು ಆಯಾ ದೇಶದ ಪ್ರಕ್ರಿಯಾ ನಿಯಮಕ್ಕೆ ಬಿಟ್ಟದ್ದು.